ದ್ಯಾಮವ್ವ ಬೈಯೋದು ಮಾತ್ರ ಇರಲಿ

"ಮುಂದಿನ ವಿಡಿಯೋದಾಗ ನಿಮಗ ಏನ ನೋಡಬೇಕು? ಕಾಮೆಂಟ್ ಮಾಡಿ ಹೇಳ್ರಿ..."

ಇಷ್ಟು ಬರೆದು ಪೋಸ್ಟ್ ಮಾಡಿ, ಮೊಬೈಲನ್ನು ಗೋಡೆಯ ಗೂಡಿನಲ್ಲಿಟ್ಟು ಮಹಾನಂದಾ ಎಮ್ಮೆಗೆ ನೀರು ಕುಡಿಸಲು ಹೋದಳು.

ಎಣ್ಣೆಗಾಯಿ ಕೇಳಲಿ, ಮಾದಲಿ ಕೇಳಲಿ... ಅದೊಂದನ್ನು ಬಿಟ್ಟು ಏನು ಬೇಕಾದರೂ ಕೇಳಲಿ.

ಮರಳಿ ಬಂದು ನೋಡಿದರೆ, ಸಾಲುಸಾಲಾಗಿ ಅದೇ.

"ಅಡಿಗಿ ಏನರ ಮಾಡ್ರಿ, ದ್ಯಾಮವ್ವ ಬೈಯೋದು ಮಾತ್ರ ಇರಲಿ."

"ಅತ್ತಿ ಮುಖಾ ಯಾಕ ತೋರಸವಲ್ರಿ ಅಕ್ಕಾರ? ಮಾತ ಬಿಟ್ಟೀರೇನು?"

ಹೇಗೆ ತೋರಿಸುವುದು? ಯುಗಾದಿ ಮುಗಿದ ವಾರದಲ್ಲೇ ಅತ್ತೆ ದ್ಯಾಮವ್ವ ಮಣ್ಣು ಸೇರಿದ್ದಳು. ಈಗ ಹೊಲದಲ್ಲಿ ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಿತ್ತು.

ಆ ಚಾನೆಲ್ ಬೆಳೆದದ್ದೇ ಅತ್ತೆಯ ಬಾಯಿಂದ. ಸೊಸೆ ಒಲೆಯ ಮುಂದೆ ಕೂತರೆ ಸಾಕು, ಹಿಂದಿನಿಂದ ಅವಳ ದನಿ...

"ಉಪ್ಪ ಹಾಕೀಯೋ, ಇಲ್ಲ ಮೊಬೈಲಿಗೆ ಹಲ್ಲ ಕಿಸ್ಕೋತ ಕುಂತೀಯೋ?"

"ನೀವ ಬಂದ ಹಾಕ್ರಿ ಅತ್ತಿ! ಕಾಲ ಚಾಚಿ ಕುಂತ ಹೇಳೂದ ಸಸಾರ!"

ಈ ಜಗಳ ನೋಡಲೆಂದೇ ಮಂದಿ ಕಾಯುತ್ತಿದ್ದರು.

ಅತ್ತೆ ಹೋದ ಸುದ್ದಿ ಹೇಳಲು ಮಹಾನಂದಾಗೆ ಬಾಯಿ ಬರಲಿಲ್ಲ. ಮೊದಲು, ಉಳಿದಿದ್ದ ಹಳೆಯ ವಿಡಿಯೋ ಹಾಕಿದಳು. ಅವು ತೀರಿದ ಮೇಲೆ ಅತ್ತೆಯ ಬೈಗುಳಗಳನ್ನಷ್ಟೇ ಕತ್ತರಿಸಿ ಹೊಸ ಅಡುಗೆಗೆ ಜೋಡಿಸತೊಡಗಿದಳು.

ಎಡಿಟ್ ಮಾಡುವಾಗ ಆ ದನಿ ಹೊರಟಿತೆಂದರೆ... ಹಿತ್ತಲಿನ ಎಮ್ಮೆ ಮೇವು ಬಿಟ್ಟು, ಕಿವಿ ನಿಮಿರಿಸಿ, ಬಾಗಿಲ ಕಡೆಗೇ ನೋಡುತ್ತ ನಿಲ್ಲುತ್ತಿತ್ತು. ಅದನ್ನು ಹಿಂಡುತ್ತಿದ್ದವಳು ದ್ಯಾಮವ್ವ.

ಗಂಡ ಬಸಲಿಂಗ ಆ ದನಿ ಕೇಳಿದರೆ ತಾಟು ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋಗಿ ಉಣ್ಣುತ್ತಿದ್ದ.

ಅಂದು ಕಾಮೆಂಟುಗಳ ಜೊತೆ, ಚಾನೆಲ್ಲಿನಲ್ಲಿ ಕೊಟ್ಟಿದ್ದ ನಂಬರಿಗೆ ಒಂದು ವಾಯ್ಸ್ ಮೆಸೇಜೂ ಬಂದಿತ್ತು. ಯಾವುದೋ ಊರಿನ ಕಲ್ಲವ್ವ ಎಂಬ ಮುದುಕಿ, ಮೊಮ್ಮಗಳ ಮೊಬೈಲಿನಿಂದ ಕಳಿಸಿದ್ದಳು.

"ದ್ಯಾಮವ್ವಾ... ಏನ ಬೇಕ ಕೇಳ್ರಿ ಅಂದೀರಂತ, ಅದಕ್ಕ ಕೇಳತೇನಿ. ನನಗ ತುತ್ತ ಇಳೀವಲ್ದು. 'ಕಲ್ಲವ್ವಾ, ಉಣ್ಣಬೇ' ಅಂತ ಹೆಸರ ಹಿಡದು ಒಮ್ಮಿ ಬೈಯವ್ವಾ... ಉಂತೇನಿ."

ಮಹಾನಂದಾ ಹಳೆಯದನ್ನೆಲ್ಲ ಹುಡುಕಿದಳು. 'ಉಣ್ಣಬೇ' ಅನ್ನುವುದು ಸಿಕ್ಕಿತು. ಕಲ್ಲವ್ವನ ಹೆಸರು ಎಲ್ಲಿಂದ ತರುವುದು?

ಬಾಗಿಲು ಎಳೆದು ಮುಚ್ಚಿದಳು. ಅತ್ತೆ ಕೂರುತ್ತಿದ್ದ ಜಾಗದಲ್ಲಿ ಕೂತಳು. ತಲೆ ಮೇಲೆ ಸೆರಗೆಳೆದು, ಗಂಟಲು ದಪ್ಪ ಮಾಡಿ, ಮೊಬೈಲು ಹಿಡಿದು...

"ಕಲ್ಲವ್ವಾ... ಉಣ್ಣಬೇ!"

ಅವಳ ಮೈಮೇಲಿನ ಕೂದಲೇ ನಿಮಿರಿತು. ದನಿ ಅವಳದಾಗಿರಲಿಲ್ಲ.

ಹಿತ್ತಲಲ್ಲಿ ಎಮ್ಮೆ ಒದರಿತು. ಬಾಗಿಲು ದಡಕ್ಕನೆ ತೆರೆಯಿತು.

"ಯವ್ವಾ?"

ಬಸಲಿಂಗ ಓಡಿ ಬಂದಿದ್ದ. ಮೊಬೈಲಿನ ದನಿ ಅವನಿಗೆ ರೂಢಿಯಾಗಿತ್ತು... ಇದು ಮನೆಯೊಳಗಿನ ದನಿ. ಹೆಂಡತಿಯನ್ನು ಕಂಡು, ಚೌಕಟ್ಟು ಹಿಡಿದುಕೊಂಡು ಕೂತ.

ಕೂತಲ್ಲಿಂದಲೇ ಹೇಳಿದ.

"ಯವ್ವ ಹೋದ ದಿನ ಬೀಗರ ಊರಿಗೆಲ್ಲಾ ಮಂದಿ ಕಳಿಸಿದ್ವಿ. ಸುದ್ದಿ ಹೇಳಾಕ ಹೋದಾವ್ರು ಯಾರ ಹೊಸ್ತಿಲಾನೂ ದಾಟಲಿಲ್ಲ, ಗುಟಕ ನೀರ ಸೈತ ಕುಡೀಲಿಲ್ಲ. ಹೊರಗ ನಿಂತ ಹೇಳಿ ಬಂದ್ರು. ನಿನ್ನ ವಿಡಿಯೋ ನೋಡೂ ಈ ಮಂದಿಗೆ ಯಾರ ಹೇಳಬೇಕು, ಮಾನಂದಾ?"

"ಹೇಳಿದ್ರ... ಖರೇನ ಹೋಗಿಬಿಡತಾರಲ್ರೀ..."

ಅವನು ಎದ್ದು, ಒದರುತ್ತಿದ್ದ ಎಮ್ಮೆಗೆ ಮೇವು ಹಾಕಲು ಹೋದ.

ಮರುದಿನ ಮುಂಜಾನೆ ಮಹಾನಂದಾ ಹಿಂದಿನ ದಿನದ ರೆಕಾರ್ಡಿಂಗನ್ನು ಕಳಿಸದೆ ಅಳಿಸಿಹಾಕಿದಳು. ಒಲೆ ಹಚ್ಚಲಿಲ್ಲ. ನೀರೂ ಮುಟ್ಟಲಿಲ್ಲ. ಸಾವಿನ ಸುದ್ದಿ ಒಯ್ದವರಂತೆಯೇ ಹೊಸ್ತಿಲಿನ ಹೊರಗೆ ನಿಂತು ಮೊಬೈಲ್ ಹಿಡಿದಳು. ಮ್ಯೂಸಿಕ್ ಇಲ್ಲ, ನಗು ಇಲ್ಲ.

"ನಮ್ಮತ್ತಿ ಇಲ್ರಿ... ಯುಗಾದಿ ಆದ ವಾರದಾಗ ಹೋದ್ರು. ನಿಮಗ ಅವತ್ತ ಹೇಳಬೇಕಾಗಿತ್ತು."

ಅದನ್ನು ಹಾಕಿ, ಕಲ್ಲವ್ವನಿಗೆ ಕಾಲ್ ಮಾಡಿದಳು. ಅದೇ ಮಾತನ್ನು ಮತ್ತೊಮ್ಮೆ ಹೇಳಿದಳು.

ಆ ಕಡೆಯಿಂದ ಉದ್ದನೆಯ ಅಳು ಬಂತು... ಹೆಣದ ಮುಂದೆ ಕೂತವರ ಅಳು. ಮಹಾನಂದಾ ತಡೆಯಲಿಲ್ಲ.

"ನನಗ ಸಂಶೆ ಇತ್ತವ್ವಾ..." ಎಂದಳು ಮುದುಕಿ ಕೊನೆಗೆ.

"ಹೆಂಗ ಯವ್ವಾ?"

"ದನಿ ಆಕೀದ ಇತ್ತು. ಆದ್ರ ನೀ ತಿರುಗಿ ಮಾತಾಡೂದ ಬಿಟ್ಟಿದ್ದಿ. ಬೈಸ್ಕೊಂಡ ಸುಮ್ನ ಕುಂದ್ರೂ ಸೊಸೀನ ನೀ?"

ಮಹಾನಂದಾಗೆ ಅಳುವಿನೊಳಗೇ ನಗು ಬಂತು. ನಗುವಿನೊಳಗಿಂದ ಮತ್ತೆ ಅಳು...

"ನನ್ನ ಹೆಸರ ಹಿಡದು ಕರದ್ರ ಆಕಿ ಅದಾಳ ಅಂತ ತಿಳಕೊಂತಿದ್ನಿ, ಅದಕ್ಕ ಕೇಳಿದ್ನಿ. ಹೇಳದ ಸಾವಿಗೆ ಅಳಾಕೂ ಬರೂದಿಲ್ಲ, ಮರತ ಉಣ್ಣಾಕೂ ಬರೂದಿಲ್ಲವ್ವಾ..."

ಮಹಾನಂದಾ ಮೂಗು ಒರೆಸಿಕೊಂಡಳು. ಈ ಸಲ ತನ್ನದೇ ದನಿಯಲ್ಲಿ ಹೇಳಿದಳು.

"ಕಲ್ಲವ್ವಾ... ಇನ್ನರ ಎದ್ದ ಉಣ್ಣಬೇ."

"ಉಂತೇನವ್ವಾ. ತಡಿ... ಮೊದಲ ತಲಿಮ್ಯಾಲ ನೀರ ಹಾಕ್ಕೊಂಡ ಬರತೇನಿ."

ಮಹಾನಂದಾ ಮೊಬೈಲು ಹಿಡಿದು ಹಾಗೇ ನಿಂತಳು.

ಅದು ಸ್ವಂತದವರು ಸತ್ತ ಸುದ್ದಿ ಕೇಳಿದಾಗ ಮಾಡುವ ಸ್ನಾನ... ದ್ಯಾಮವ್ವನನ್ನು ಒಮ್ಮೆಯೂ ಕಣ್ಣಾರೆ ಕಾಣದ ಮುದುಕಿ, ಯಾವುದೋ ಊರಿನಲ್ಲಿ ಅವಳ ಹೆಸರಲ್ಲಿ ನೀರು ಹಾಕಿಕೊಳ್ಳುತ್ತಿದ್ದಳು.

*

ಹೋದವರ ದನಿಯನ್ನು ಎಷ್ಟೇ ಜೋಪಾನವಾಗಿಟ್ಟುಕೊಳ್ಳಿ... ಅವರಿಗಾಗಿ ಅಳಬೇಕಾದವರ ಪಾಲಿನ ಅಳುವನ್ನು ಮಾತ್ರ ಬಚ್ಚಿಡಬೇಡಿ.

ನೀವು ಹೇಳಲಿ ಎಂದು ಕಾಯುತ್ತ, ತುತ್ತು ಇಳಿಯದೆ ಕೂತವರು ಯಾರಾದರೂ ಇದ್ದಾರೆಯೇ... ಒಮ್ಮೆ ಯೋಚಿಸುತ್ತೀರಾ?