ಕುಂಡದ ಚೀಟಿ

ವಾಲಿದ ಗಿಡವನ್ನು ನೆಟ್ಟಗೆ ನಿಲ್ಲಿಸಹೋದ ಸಂಶೋಧಕಿಯ ಬೆರಳಿಗೆ, ಹದಿನಾಲ್ಕು ದಿನದಿಂದ ನೀರೇ ಕಂಡಿರಬಾರದಿದ್ದ ಕುಂಡದ ಮಣ್ಣು ಒದ್ದೆಯಾಗಿ ತಣ್ಣಗೆ ಅಂಟಿತು. ನೀರಿಲ್ಲದಾಗ ಗಿಡವನ್ನು ಬಾಡಿಸುವ ಜೀನಿನ ಬಾಯಿಗೆ ಪುಟ್ಟ ಆರ್‌ಎನ್‌ಎಯೊಂದು ಬೀಗ ಹಾಕುತ್ತದೆ, ಅದಕ್ಕೇ ಈ ಸಾಲಿನ ಗಿಡಗಳು ಹಸಿರಾಗಿವೆ ಎಂದು ನಾಲ್ಕು ವರ್ಷದಿಂದ ನಂಬಿದ್ದಳು. ಪಕ್ಕದ ಸಾಲಿನ, ಆ ಆರ್‌ಎನ್‌ಎ ಇಲ್ಲದ ಮಾಮೂಲಿ ಗಿಡಗಳೆಲ್ಲ ತರಗೆಲೆಯಾಗಿದ್ದವು.

"ಮೇಡಂ, ಇದಕ್ಕೆ ಯಾರೋ ನೀರು ಹಾಕಿದಾರೆ!"

ಬಾಗಿಲಲ್ಲಿದ್ದ ಗುರುಗಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ನಾನೇ ಕಣೇ. ಪ್ರತಿ ಸಲಾನೂ ಇವೂ ಬಾಡೋಕೆ ಶುರು ಮಾಡ್ತಿದ್ವು. ನಿನ್ನ ಡಾಕ್ಟರೇಟ್ ಕೈತಪ್ಪಬಾರ್ದು ಅಂತ ಹಾಕ್ತಿದ್ದೆ. ಎಲೆ ನಂಬಬೇಡ, ಮಣ್ಣು ಮುಟ್ಟಿ ನೋಡು ಅಂತ ಮೊದಲನೇ ದಿನಾನೇ ಹೇಳಿದ್ನಲ್ಲ, ಯಾಕೆ ಒಂದ್ಸಲಾನೂ ಮುಟ್ಟಲಿಲ್ಲ?"

ಅವಳು ಕುಂಡಕ್ಕೆ ಸಿಕ್ಕಿಸಿದ್ದ ಚೀಟಿ ಕಿತ್ತು ಚಾಚಿದಳು. "ದಿನಾ 'ಮಣ್ಣು ಒಣಗಿದೆ' ಅಂತ ನಿಮ್ಮ ಕೈಬರಹ ಇರ್ತಿತ್ತಲ್ಲ, ಮೇಡಂ."