ಡಬ್ಬಿಯೊಳಗಿನ ವೈರಸ್

ಎಂಬತ್ತೊಂಬತ್ತರ ಬೇಸಿಗೆ, ಬೆಳಗಿನ ಹತ್ತು ಗಂಟೆ. ಸಾಗರದ ಕಂಪ್ಯೂಟರ್ ಕ್ಲಾಸಿನಲ್ಲಿ ಕೆಲಸಕ್ಕಿದ್ದ ಮಗಳು ಶರಾವತಿಯನ್ನು ನೋಡಲು ತುಮರಿಯಿಂದ ಬಂದ ವರದಮ್ಮನ ಕೈಯಲ್ಲಿ, ಆಗತಾನೇ ಕುಲುಮೆಯಲ್ಲಿ ಹಣಿಸಿ ಹರಿತ ಮಾಡಿಸಿ ತಂದ ಕತ್ತಿಯಿತ್ತು. ಕ್ಲಾಸಿನ ಯಜಮಾನ ಹೇರಂಬ ಶರಾವತಿಗೆ ಬಿಸ್ಕತ್ತಿನ ಡಬ್ಬಿಯೊಂದನ್ನು ತೋರಿಸಿ, "ವೈರಸ್ ಹಿಡಿದ ಫ್ಲಾಪಿ ಎಲ್ಲಾ ಇದ್ರಲ್ಲಿ ಬೇರೆ ಇಟ್ಟಿದೀನಿ. ಒಂದೊಂದೇ ಹಾಕಿ ಒಳಗಿರೋದನ್ನ ಅಳಿಸಿಬಿಡು" ಎಂದ. ಶರಾವತಿ ಡಬ್ಬಿಗೆ ಕೈ ಹಾಕಿದಳು.

ಓದು ಬಾರದ ವರದಮ್ಮನಿಗೆ 'ವೈರಸ್' ಎಂಬ ಮಾತು ಮಾತ್ರ ಚೆನ್ನಾಗಿ ಗೊತ್ತಿತ್ತು. ಮಂಗನ ಕಾಯಿಲೆ ಬಂದು ಮೂಗು ಬಾಯಲ್ಲಿ ರಕ್ತ ಸುರಿದು ಗಂಡ ಸತ್ತ ದಿನ ಡಾಕ್ಟರು ಹೇಳಿದ ಮಾತು ಅದು. ಮಗಳ ಕೆನ್ನೆಗೆ ಬಾರಿಸಿ ಆಚೆ ನೂಕಿದಳು. ಡಬ್ಬಿಯನ್ನು ನೆಲಕ್ಕೆ ಕೆಡವಿ, ಹಾವನ್ನು ಕೊಚ್ಚುವ ಹಾಗೆ ಕೊಚ್ಚತೊಡಗಿದಳು. ಕರಿ ಫ್ಲಾಪಿಗಳು ಚೂರುಚೂರಾಗಿ ಹಾರಿದವು. ತಡೆಯಲು ಬಂದ ಹೇರಂಬನ ಮುಂಗೈ ಸೀಳಿ ರಕ್ತ ಚಿಮ್ಮಿತು.

"ಹುಚ್ಚು ಹಿಡೀತಾ ನಿಂಗೆ? ಅದು ಕಂಪ್ಯೂಟರಿಗೆ ಬರೋ ರೋಗ ಮಾರಾಯ್ತಿ, ಮನುಷ್ಯರಿಗೆ ಬರಲ್ಲ!" ಎಂದು ಹೇರಂಬ ಕೂಗಿದ.

"ಮಂಗಂಗೆ ಬರೋದು ಮನುಷ್ಯರಿಗೆ ಬರಲ್ಲ ಅಂತ ಅವತ್ತೂ ಹಿಂಗೇ ಹೇಳಿದ್ರು" ಎಂದಳು ವರದಮ್ಮ. ಎತ್ತಿದ ಕತ್ತಿ ಇಳಿಯಲಿಲ್ಲ. "ನಡಿಯೇ ಊರಿಗೆ. ನಿನ್ನನ್ನೂ ಸುಡಕ್ಕೆ ನನ್ನ ಕೈಲಿ ಆಗಲ್ಲ."

ಶರಾವತಿ ಬಚ್ಚಲಿಗೆ ಹೋಗಿ, ಸೋಪು ಹಚ್ಚಿ, ಮೊಣಕೈವರೆಗೆ ಮೂರು ಸಲ ತೊಳೆದು ಬಂದು ಎರಡೂ ಕೈ ಮುಂದೆ ಚಾಚಿದಳು. ವರದಮ್ಮ ಒಂದೊಂದೇ ಬೆರಳನ್ನು ಹಿಡಿದು ಮೂಸಿ ನೋಡಿದಳು. ಆಮೇಲೆ ಕತ್ತಿಯನ್ನು ಕೆಳಗಿಟ್ಟಳು.

ಹಿನ್ನೀರು ದಾಟಿ ತುಮರಿಗೆ ಹೋಗುವ ಸಂಜೆಯ ಲಾಂಚಿಗೆ ವರದಮ್ಮ ಒಬ್ಬಳೇ ಹೋದಳು.