ನಡುಗೋಡೆಯ ಜಾಗ

ಹೆಣ್ಣು ನೋಡಲು ಬಂದ ಸಿದ್ದಲಿಂಗೇಶ್‌ನ ಕಣ್ಣು ಮೊದಲು ಬಿದ್ದದ್ದು ಅಂಗಳದಲ್ಲಿದ್ದ ಹಳೇ ಆಸ್ಟಿನ್ ಕಾರಿನ ಮೇಲೆ. ಹುಡುಗಿಯ ಅಪ್ಪ ತಿಪ್ಪೇರುದ್ರಪ್ಪನವರು ಬಾಗಿಲಲ್ಲಿ ಕೈಮುಗಿದು ನಿಂತಿದ್ದರೆ, ಇವನು ಕಾರಿನ ಗಾಜಿಗೆ ಮೂಗೊತ್ತಿ ಒಳಗೆ ಇಣುಕುತ್ತಿದ್ದ. ಡ್ಯಾಶ್‌ಬೋರ್ಡಿನ ನಡುವೆ ನಿಪ್ಪಟ್ಟಿನಷ್ಟಗಲದ ದುಂಡು ಗಡಿಯಾರ! ಅವ್ವ ಮಂಜುಳಮ್ಮ ತೋಳು ಹಿಡಿದು ಎಳೆಯದಿದ್ದರೆ ಅಂದು ಅವನು ಮನೆಯೊಳಗೆ ಕಾಲಿಡುತ್ತಿದ್ದನೋ ಇಲ್ಲವೋ.

ಚಳ್ಳಕೆರೆಯ ಅವನ ಎಣ್ಣೆ ಮಿಲ್ಲಿನ ಆಫೀಸಿನಲ್ಲಿ ಗೋಡೆ ತುಂಬ ಇಂಥವೇ, ಹಳೇ ಕಾರುಗಳಿಂದ ಕಿತ್ತ ಗಡಿಯಾರಗಳು. ಗುಜರಿಯವರು ಅವನ ಮುಖ ಕಂಡರೆ ಸಾಕು, ಬೆಲೆ ಏರಿಸುತ್ತಿದ್ದರು. ಕಾರು ತುಕ್ಕು ಹಿಡಿದು ಮಣ್ಣಾದರೂ ಗಡಿಯಾರದ ಮುಖದಲ್ಲಿ ಆ ಕಾಲದ ಗತ್ತು ಹಾಗೇ ಉಳಿದಿರುತ್ತದೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಹುಚ್ಚು ಅಂದರೆ ಹುಚ್ಚೇ.

ಮಂಗಳಗೌರಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. ಲಕ್ಷಣವಾಗಿದ್ದಳು, ಮೊಳಕಾಲ್ಮುರಿನ ಶಾಲೆಯೊಂದರಲ್ಲಿ ಟೀಚರ್ ಆಗಿದ್ದಳು. ಮದುವೆಯಾದ ಮೇಲೆ ಕೆಲಸಗಿಲಸ ಬೇಡ, ಮನೆಯಲ್ಲಿ ಆರಾಮಾಗಿ ಇರಲಿ ಎಂದು ಮಂಜುಳಮ್ಮ ಅಂದಾಗ ಎಲ್ಲರೂ ಸಿದ್ದಲಿಂಗೇಶ್‌ನತ್ತ ನೋಡಿದರು. ಈ ಸಂಬಂಧ ಕುದುರಿದರೆ ಮಾವ ಗಡಿಯಾರಕ್ಕೆ ಇಲ್ಲ ಎನ್ನಲಾರರು ಎಂದು ಒಳಗೊಳಗೇ ಹಿಗ್ಗುತ್ತಿದ್ದವನು ಸುಮ್ಮನೆ ಹೂಂ ಎಂಬಂತೆ ತಲೆಯಾಡಿಸಿದ.

ಹುಡುಗ ಹುಡುಗಿ ಒಂದೆರಡು ಮಾತಾಡಿಕೊಳ್ಳಲಿ ಎಂದರು ಹಿರಿಯರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಸಿದ್ದಲಿಂಗೇಶ್ ನೆಟ್ಟಗೆ ಕಾರಿನ ಬಳಿ ನಡೆದ. ಹಿಂದೆಯೇ ಬಂದ ಮಂಗಳಗೌರಿ ಬಾಗಿಲು ತೆಗೆದಳು. ಟಿಕ್ ಟಿಕ್ ಸದ್ದು ಕೇಳಿ ಅವನ ಮೈ ಜುಮ್ಮೆಂದಿತು.

"ಓಡ್ತಾ ಐತಾ ಇದು?"

"ಕಾರು ನಿಂತು ಎಷ್ಟೋ ವರ್ಷ ಆತು. ಇದನ್ನ ಮಾತ್ರ ನಾನು ನಿಲ್ಲೋಕೆ ಬಿಟ್ಟಿಲ್ಲ" ಎಂದು ಅವಳು ಬಗ್ಗಿ, ಕೆಳಗಿನ ಪುಟ್ಟ ಗುಂಡಿ ತಿರುವಿ ಕೀಲಿ ಕೊಟ್ಟಳು. ಅಜ್ಜ ಹೋದ ಮೇಲೆ ಪ್ರತಿ ಸೋಮವಾರ ಅದು ಅವಳದೇ ಕೆಲಸವಂತೆ.

ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಯಾವ ಗಡಿಯಾರ ಎಲ್ಲಿ ಸಿಕ್ಕಿತು, ಯಾವುದಕ್ಕೆ ಯಾರ ಕಾಲು ಹಿಡಿದೆ ಎಂದು ಕೈ ಬೀಸಿ ಬೀಸಿ ಹೇಳಿದ. ಇದಕ್ಕೆ ಆಫೀಸಿನಲ್ಲಿ ನಡುಗೋಡೆಯ ಜಾಗ ಎಂದೂ ಹೇಳಿಬಿಟ್ಟ, ಗಡಿಯಾರ ಆಗಲೇ ತನ್ನದಾದ ಹಾಗೆ. ಅವಳು ನಗುತ್ತಲೇ ಕೇಳಿದಳು.

"ಅವೆಲ್ಲ ಓಡ್ತಾವಾ?"

"ಒಂದೂ ಇಲ್ಲ. ಓಡೋದು ಯಾರಿಗೆ ಬೇಕು ಬಿಡ್ರಿ? ನೋಡೋಕೆ ಚೆಂದ ಇದ್ರೆ ಆತು."

ಮಂಗಳಗೌರಿ ಕಾರಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ಟಿಕ್ ಟಿಕ್ ಒಳಗೇ ಉಳಿಯಿತು.

"ನಾನು ಕೆಲಸ ಬಿಡ್ಬೇಕು ಅಂತ ನಿಮ್ಮವ್ವ ಅಂದಾಗ ನೀವು ತಲೆ ಆಡಿಸಿದ್ರಿ" ಎಂದಳು. "ನಡುಗೋಡೆ ಇದಕ್ಕಾತು. ನನಗೆ ಯಾವ ಗೋಡೆ ನೋಡಿಟ್ಟೀರಿ?"